ಅಕ್ಕಿಯೊಳಗಿನ ಕಲ್ಲು



ಮಠಕ್ಕೆ ಬರುವ ಸದ್ಭಕ್ತರು ಹಿಂದೆ ಮಳೆ ಬೆಳೆಗಳ ಸಂಗತಿಯನ್ನೂ ಮಕ್ಕಳ ವಿದ್ಯೆ, ವಿವಾಹಗಳ ಚಿಂತೆಯನ್ನೂ ನಮ್ಮ ಮುಂದೆ ಇಡುತ್ತಿದ್ದರು. ಈಗಲೂ ಇಡುತ್ತಾರೆ. ಆದರೆ ಈಚಿನ ಕೆಲವು ವರ್ಷಗಳಿಂದ ಅವುಗಳ ಜೊತೆಗೆ ಹೊಸ ಅಳಲೊಂದು ಸೇರಿಕೊಂಡಿದೆ. "ಬುದ್ಧಿ, ಮೊಬೈಲಿನಲ್ಲಿ ನೋಡಿ ಒಂದು ಸಾಮಾನು ತರಿಸಿದೆ. ಚಿತ್ರದಲ್ಲಿ ಕಂಡದ್ದು ಒಂದು, ಮನೆಗೆ ಬಂದದ್ದು ಇನ್ನೊಂದು. ಕೇಳಿದರೆ ಉತ್ತರವಿಲ್ಲ. ಏನು ಮಾಡಲಿ?" ಹೀಗೆ ಕೇಳುವವರಲ್ಲಿ ಬಹುಮಂದಿ "ಹೋಗಲಿ, ನಮ್ಮ ಋಣ ಅಷ್ಟೇ" ಎಂದು ಸುಮ್ಮನಾದವರು, ಉಳಿದವರು ಮಾರಿದವನನ್ನು ಬಾಯಿಗೆ ಬಂದಂತೆ ಬೈದು ಸಮಾಧಾನ ತಂದುಕೊಂಡವರು. ಈ ಎರಡು ದಾರಿಗಳಲ್ಲಿಯೂ ನಾವೇ ನಾಲ್ಕು ನಾಲ್ಕು ಹೆಜ್ಜೆ ನಡೆದು ಹಿಂದಿರುಗಿದ್ದೇವೆ. ಆದುದರಿಂದ ಉಪದೇಶದ ಮಾತಿಗೆ ಹೋಗದೆ ನಮಗೆ ಒದಗಿದ ಪ್ರಸಂಗವನ್ನೇ ನಿಮ್ಮ ಮುಂದೆ ಹೇಳಿಬಿಡುವುದು ಲೇಸೆಂದು ತೋರಿತು.

ಮಠದ ಪಾಠಶಾಲೆಯಲ್ಲಿ ಓದಿದವರಿಗೆಲ್ಲ ನಮ್ಮ ಗ್ರಂಥ ಭಂಡಾರದಲ್ಲಿದ್ದ ಕಿಟ್ಟೆಲ್ ನಿಘಂಟು ನೆನಪಿರಬೇಕು. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ಲರು ದಶಕಗಳ ಪರಿಶ್ರಮದಿಂದ ಸಿದ್ಧಪಡಿಸಿದ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ನಮ್ಮಲ್ಲಿದ್ದುದು ಆ ಮೊದಲ ಮುದ್ರಣದ್ದೇ ಪ್ರತಿ. ಲಿಂಗೈಕ್ಯ ಗುರುಗಳು ಪಾಠ ಹೇಳುವಾಗ ಶಬ್ದವೊಂದರ ಅರ್ಥದಲ್ಲಿ ಸಂದೇಹ ಬಂದರೆ "ಕಿಟ್ಟೆಲ್ ಏನೆನ್ನುತ್ತಾನೆ, ನೋಡಿ" ಎನ್ನುತ್ತಿದ್ದರು. ಹುಡುಗರಾಗಿದ್ದ ನಾವು ಆ ಭಾರವಾದ ಗ್ರಂಥವನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಗಳಲ್ಲಿ ಎತ್ತಿಕೊಂಡು ಬಂದು ಅವರ ಮುಂದೆ ಇಡುತ್ತಿದ್ದೆವು. 2019ರ ಆಗಸ್ಟ್ ತಿಂಗಳ ಮಳೆಗೆ ಭಂಡಾರದ ಸೂರು ಸೋರಿ, ಆ ಕಪಾಟಿನಲ್ಲಿದ್ದ ಪುಸ್ತಕಗಳೆಲ್ಲ ನೀರು ಕುಡಿದು ಹಾಳಾದವು. ನಿಘಂಟಿನ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಂತಾದವು.

ಈ ಸುದ್ದಿ ತಿಳಿದು ಹಳೆಯ ವಿದ್ಯಾರ್ಥಿಗಳು ತಾವಾಗಿಯೇ ಹಣ ಕೂಡಿಸಿದರು. 37 ಜನ ಕೊಟ್ಟ ಹಣ ಸುಮಾರು ನಲವತ್ತು ಸಾವಿರ ರೂಪಾಯಿಗಳಾಯಿತು. ಅಂತಹುದೇ ಮೊದಲ ಮುದ್ರಣದ ಪ್ರತಿಯೊಂದನ್ನು ಎಲ್ಲಿಂದಲಾದರೂ ತರಿಸಬೇಕೆಂಬುದು ಎಲ್ಲರ ಅಪೇಕ್ಷೆ. ಮದರಾಸು ವಿಶ್ವವಿದ್ಯಾನಿಲಯದವರು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಹೊರತಂದ ಆವೃತ್ತಿ ಇದೆ. ಅಂತರಜಾಲದಲ್ಲಿ ಮೂಲದ ಪುಟಗಳನ್ನೇ ಬಿಟ್ಟಿಯಾಗಿ ನೋಡಬಹುದು. ಶಬ್ದದ ಅರ್ಥವಷ್ಟೇ ಬೇಕಾದರೆ ಹಳೆಯ ಪ್ರತಿಯ ಆವಶ್ಯಕತೆಯಿಲ್ಲ. ಅದು ನಮಗೂ ಗೊತ್ತಿತ್ತು. ಆದರೂ ಗುರುಗಳ ಬೆರಳು ಓಡಾಡಿದಂತಹ ಅದೇ ಕಾಗದ, ಅದೇ ಅಚ್ಚು ಬೇಕೆನಿಸಿತು. ಈ ಆಸೆಯನ್ನು ನೆನಪಿನಲ್ಲಿಡಿ. ಮುಂದಿನ ಕಥೆಗೆ ಅದೇ ಬೀಜ.

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು 2023ರ ಜನವರಿಯಲ್ಲಿ ಫೋನು ಮಾಡಿದರು. ಅಂತರಜಾಲದ ಹರಾಜು ತಾಣವೊಂದರಲ್ಲಿ 1894ರ ಕಿಟ್ಟೆಲ್ ನಿಘಂಟು ಹರಾಜಿಗೆ ಬಂದಿದೆಯೆಂದು ಹೇಳಿ ಮೂರು ಚಿತ್ರಗಳನ್ನು ಕಳುಹಿಸಿದರು. ತೊಗಲಿನ ರಟ್ಟು, ಮುಖಪುಟ, ಒಳಗಿನ ಒಂದು ಪುಟ. ಮಾರುವವನು ಕೆಲವೇ ತಿಂಗಳ ಹಿಂದೆ ಅಂಗಡಿ ತೆರೆದವನು. ಅವನಿಂದ ಕೊಂಡವರು ಹತ್ತು ಹನ್ನೆರಡು ಜನ ಮಾತ್ರ. ವೈದ್ಯರು ಇದನ್ನು ಹೇಳಿ ಸಂದೇಹಪಟ್ಟರು. ನಾವು ಸಂದೇಹಪಡಲಿಲ್ಲ. "ಬೆಲೆ ಏರುವ ಮುನ್ನ ಕೂಗಿಬಿಡಿ" ಎಂದು ಅವರನ್ನು ಅವಸರಪಡಿಸಿದವರು ನಾವೇ. 310 ಪೌಂಡಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 31,000 ರೂಪಾಯಿಗಳಿಗೆ, ಹರಾಜು ನಮ್ಮ ಕಡೆಗೆ ನಿಂತಿತು.

ಜನವರಿ 24ರಂದು ಪುಸ್ತಕ ಲೆಸ್ಟರಿಗೆ ತಲುಪಿತು. ವೈದ್ಯರು ಕಟ್ಟು ಬಿಚ್ಚಿ, ಮುಖಪುಟದಲ್ಲಿ 1894 ಎಂದಿರುವುದನ್ನು ನೋಡಿ, ಮತ್ತೆ ಕಟ್ಟಿ ಪೆಟ್ಟಿಗೆಯಲ್ಲಿಟ್ಟರು. ಆ ವರ್ಷ ಶಿವರಾತ್ರಿ ಫೆಬ್ರವರಿ 18ಕ್ಕೆ ಬಂದಿತ್ತು. ಹಬ್ಬಕ್ಕೆಂದು ಊರಿಗೆ ಬಂದವರು ಫೆಬ್ರವರಿ 16ರಂದು ಮಠಕ್ಕೆ ಬಂದು, ಪುಸ್ತಕವನ್ನು ಭಕ್ತಿಯಿಂದ ನಮ್ಮ ಕೈಯಲ್ಲಿಟ್ಟರು. ಗ್ರಂಥಪಾಲಕರು ಪಕ್ಕದಲ್ಲಿದ್ದರು. ನಾವು ಪುಟ ತಿರುವಿದೆವು. ಎರಡನೆಯ ಪುಟಕ್ಕೇ ಮನಸ್ಸು ಕುಸಿಯಿತು.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಗ್ರಂಥ ಸಂಪಾದನಶಾಸ್ತ್ರ ನಮಗೆ ಪ್ರಿಯವಾದ ವಿಷಯವಾಗಿತ್ತು. ಹಳೆಯ ಪ್ರತಿಯನ್ನು ಕಣ್ಣಿನಿಂದ ಮಾತ್ರವಲ್ಲ, ಬೆರಳಿನಿಂದಲೂ ಓದಬೇಕೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಸೀಸದ ಮೊಳೆಗಳಿಂದ ಒತ್ತಿ ಅಚ್ಚು ಮಾಡಿದ ಹಾಳೆಯಲ್ಲಿ ಅಕ್ಷರ ಕಾಗದವನ್ನು ಕೊಂಚ ತಗ್ಗಿಸಿರುತ್ತದೆ. ಬೆಳಕನ್ನು ಓರೆಯಾಗಿ ಹಿಡಿದರೆ ಆ ತಗ್ಗು ಕಾಣುತ್ತದೆ. ಇಲ್ಲಿ ಹಾಳೆ ಕನ್ನಡಿಯಂತೆ ನುಣುಪಾಗಿತ್ತು. ಮುಖಪುಟದ ಮೇಲೆ ನೀರಿನ ಕಲೆಯೊಂದಿತ್ತು. ಆದರೆ ಅದು ಹಾಳೆಯ ಹಿಂಬದಿಗೆ ಇಳಿದಿರಲಿಲ್ಲ, ಏಕೆಂದರೆ ಆ ಕಲೆಯೂ ಅಚ್ಚಾಗಿತ್ತು. ಯಾವುದೋ ಗ್ರಂಥಾಲಯದ ಮುದ್ರೆ ಬೂದು ಬಣ್ಣದಲ್ಲಿತ್ತು. ಶಾಯಿಯ ಮುದ್ರೆಯ ನೆರಳು ಮಾತ್ರ ಅದು. ಮೂಗಿಗೆ ಹೊಸ ಅಂಟಿನ ವಾಸನೆ ಬಂತು. ಈ ಕಾಲದಲ್ಲಿ ಛಾಯಾಚಿತ್ರದಿಂದ ಮುದ್ರಿಸಿದ ಪ್ರತಿಗೆ ತೊಗಲಿನ ರಟ್ಟು ಹಾಕಿ ಮಾರಿದ್ದರು.

ಮರುಮುದ್ರಣ ಮಾಡುವುದು ತಪ್ಪಲ್ಲ. ಹಳೆಯ ಗ್ರಂಥಗಳು ಹಾಗೆ ಜನರಿಗೆ ದೊರೆಯುವುದು ಉಪಕಾರವೇ. ಮಾರಿದವನಿಗೂ ತಿಳಿಯದೆ ಆದ ಪ್ರಮಾದವೋ ಏನೋ ಎಂದು ಒಂದು ಕ್ಷಣ ಅಂದುಕೊಂಡೆವು. ಆಗ ಗ್ರಂಥಪಾಲಕರು ಕೊನೆಯ ಪುಟ ತೆರೆದು ತೋರಿಸಿದರು. ಹೊಸ ಮುದ್ರಣದ ವಿವರವಿರಬೇಕಾದ ಹಾಳೆಯನ್ನು ಬ್ಲೇಡಿನಿಂದ ನಾಜೂಕಾಗಿ ಕೊಯ್ದು ತೆಗೆಯಲಾಗಿತ್ತು. ಬೆನ್ನಿನ ಬಳಿ ಎಳೆಯಷ್ಟು ಅಂಚು ಉಳಿದಿತ್ತು. ಅಜ್ಞಾನ ಬ್ಲೇಡು ಹಿಡಿಯುವುದಿಲ್ಲ.

ಆಗ ನಮ್ಮ ಬಾಯಿಂದ ಬಂದ ಮಾತು ಇದು: "ಹೋಗಲಿ ಬಿಡಿ. ಮಾಡಿದವನ ಪಾಪ ಮಾಡಿದವನಿಗೆ. ಹಬ್ಬದ ಹೊತ್ತಿನಲ್ಲಿ ಜಗಳ ಬೇಡ." ಹೀಗೆ ಹೇಳಿ ನಾವು ದೊಡ್ಡ ಮನಸ್ಸು ತೋರಿದೆವೆಂಬ ಭಾವನೆಯೂ ಒಳಗೆ ಸುಳಿಯದಿರಲಿಲ್ಲ. ವೈದ್ಯರು ತಲೆತಗ್ಗಿಸಿ "ಆಗಲಿ ಬುದ್ಧಿ, ಹಣವನ್ನು ನಾನೇ ತುಂಬಿಕೊಡುತ್ತೇನೆ" ಎಂದರು. ಗ್ರಂಥಪಾಲಕರು ಮಾತ್ರ ಸುಮ್ಮನಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ದಾನಿಗಳ ಪಟ್ಟಿಯ ಪುಸ್ತಕವನ್ನು ತಂದು ನಮ್ಮ ಮುಂದೆ ಬಿಡಿಸಿಟ್ಟರು.

"ಬುದ್ಧಿ, ಕ್ಷಮಿಸುವುದು ದೊಡ್ಡದು. ಆದರೆ ಈ ಹಣ ತಮ್ಮದಲ್ಲ, ಡಾಕ್ಟರದ್ದೂ ಅಲ್ಲ. ಮೂವತ್ತೇಳು ಜನರದ್ದು. ಇಲ್ಲಿ ನೋಡಬೇಕು, ಈ ಹುಡುಗ ಬಸ್ಸಿನ ಕಂಡಕ್ಟರ್. ಇನ್ನೂರು ರೂಪಾಯಿ ಕೊಟ್ಟಿದ್ದಾನೆ. ಅವನನ್ನು ಒಂದು ಮಾತು ಕೇಳಿ ಆಮೇಲೆ ಕ್ಷಮಿಸೋಣ. ಇಲ್ಲಿ ಸುಲಭವಾಗಿ ಸಾಗಿತೆಂದು ಆ ಮಾರಾಟಗಾರ ನಾಳೆ ಇನ್ನೊಬ್ಬರಿಗೆ ಇದನ್ನೇ ಮಾರಿದರೆ, ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಲಿ?"

ವಾಚಕರೇ, ಎಷ್ಟೋ ಸಭೆಗಳಲ್ಲಿ ಕ್ಷಮೆಯನ್ನು ಕುರಿತು ನಾವು ಮಾತನಾಡಿದ್ದೇವೆ. ಇತರರ ಗಂಟಿನಿಂದ ಕ್ಷಮೆಯನ್ನು ದಾನ ಮಾಡಲಾಗದೆಂಬ ಸರಳವಾದ ಮಾತನ್ನು ನಮಗೆ ಹೇಳಿಕೊಟ್ಟವರು ಆ ಗಣಿತದ ಮೇಷ್ಟರು. ನಾವು ಕ್ಷಮೆಯೆಂದು ಕರೆದುದರಲ್ಲಿ ಅರ್ಧ ಪಾಲು ಸಂಕೋಚವಿತ್ತು, ಉಳಿದರ್ಧ ಆಲಸ್ಯ. ಮೋಸಹೋದೆವೆಂದು ನಾಲ್ಕು ಜನಕ್ಕೆ ತಿಳಿದೀತೆಂಬ ನಾಚಿಕೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಅವರ ಎರಡನೆಯ ಮಾತಿನ ತೂಕ ಆಮೇಲೆ ಇನ್ನೂ ಚೆನ್ನಾಗಿ ತಿಳಿಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಲೇಖನ ಬರೆದರು. ವಸ್ತುವಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಒಳ್ಳೆಯ ವಸ್ತುವಿಗೂ ಅಂಜುತ್ತಲೇ ಕಡಿಮೆ ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವನ್ನು ಮಾರಲು ಕಟ್ಟದೆ ಪ್ರಾಮಾಣಿಕ ವ್ಯಾಪಾರಿ ಪೇಟೆಯಿಂದಲೇ ಹೊರಟುಹೋಗುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಸರಕು. ಇದು ಅವರ ವಾದದ ಸಾರ. ಈ ವಿಚಾರಕ್ಕಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಾರಿತೋಷಿಕ ಬಂತು. ಅದೇ ಲೇಖನದಲ್ಲಿ ಅವರು ನಮ್ಮ ದೇಶದ ಗೃಹಿಣಿಯರನ್ನೂ ನೆನೆದಿದ್ದಾರೆ. ಪೇಟೆಯ ಅಕ್ಕಿಯಲ್ಲಿ ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುತ್ತಾರೆ, ಅದನ್ನು ಆರಿಸುವ ಕೆಲಸ ಮನೆಯಾಕೆಗೆ ಬೀಳುತ್ತದೆ ಎಂದು ಅಲ್ಲಿ ಬರೆದಿದ್ದಾರೆ. ಮಠದ ದಾಸೋಹದ ಅಡುಗೆಮನೆಯಲ್ಲಿ ಮೊರ ಹಿಡಿದು ಕೂತ ತಾಯಂದಿರನ್ನು ಬಾಲ್ಯದಿಂದ ನೋಡಿದ ನಮಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಕಲ್ಲು ಬೆರೆಸಿದವನು ಒಂದು ಮನೆಗೆ ಮಾತ್ರ ಮೋಸ ಮಾಡುವುದಿಲ್ಲ. ಒಳ್ಳೆಯ ಅಕ್ಕಿ ಮಾರುವವನ ಮೇಲೂ ಸಂದೇಹ ಹುಟ್ಟಿಸುತ್ತಾನೆ. ಹಾಗಿರುವಾಗ ಸಿಕ್ಕಿದ ಕಲ್ಲನ್ನು ತೋರಿಸದೆ ನುಂಗಿಬಿಡುವುದು ಪುಣ್ಯವಾಗುವುದಾದರೂ ಹೇಗೆ?

ಇನ್ನು ದೂರು ಯಾರಿಗೆ ಹೇಳುವುದು? ಹಳ್ಳಿಯಲ್ಲಾದರೆ ಚಾವಡಿಯಿದೆ, ಹಿರಿಯರಿದ್ದಾರೆ. ಕೊಟ್ಟವನನ್ನೂ ಕೊಂಡವನನ್ನೂ ಅವರು ಬಲ್ಲರು. ಇಲ್ಲಿ ಮಾರಿದವನ ಮುಖವನ್ನು ನಾವು ನೋಡಿಲ್ಲ. ಈ ಕಷ್ಟ ಹೊಸದಲ್ಲವೆಂದು ವೈದ್ಯರು ಹೇಳಿದರು. ಕುತೂಹಲದಿಂದ ನಾವೂ ಓದಿ ತಿಳಿದೆವು. 1995ರಲ್ಲಿ ಪಿಯರ್ ಒಮಿದ್ಯಾರ್ ಎಂಬ ತರುಣರು ಕ್ಯಾಲಿಫೋರ್ನಿಯಾದಲ್ಲಿ ಅಂತರಜಾಲದ ಹರಾಜು ತಾಣವೊಂದನ್ನು ಆರಂಭಿಸಿದರು. ಅದೇ ಮುಂದೆ ಇಬೇ ಎಂದು ಪ್ರಸಿದ್ಧವಾಯಿತು. ಅಪರಿಚಿತರ ನಡುವೆ ನಂಬಿಕೆ ಬೆಳೆಯಲೆಂದು 1996ರಲ್ಲಿ, ಕೊಂಡವರೂ ಮಾರಿದವರೂ ಪರಸ್ಪರರ ಬಗೆಗೆ ಅಭಿಪ್ರಾಯ ಬರೆಯುವ ಏರ್ಪಾಡಾಯಿತು. ಆದರೆ ಅಭಿಪ್ರಾಯ ಬರೆದ ಮಾತ್ರಕ್ಕೆ ಹೋದ ಹಣ ಬರುವುದಿಲ್ಲವಷ್ಟೆ. 1999ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಈಥನ್ ಕಾಟ್ಷ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಆ ತಾಣದಲ್ಲಿ ಜಗಳವಾಡಿದವರ ನಡುವೆ ಮಧ್ಯಸ್ಥರೊಬ್ಬರು ಕೇವಲ ಮಿಂಚಂಚೆಯ ಮೂಲಕ ಸಂಧಾನ ಮಾಡಿದರು. ಎರಡು ವಾರಗಳಲ್ಲಿ ಸುಮಾರು 200 ವ್ಯಾಜ್ಯಗಳು ಬಂದವು. ಮುಖಾಮುಖಿಯಾಗದೆಯೂ ನ್ಯಾಯ ಹೇಳಬಹುದೆಂದು ಅದರಿಂದ ತೋರಿತು. ಮುಂದೆ ಆ ತಾಣ ತನ್ನದೇ ವ್ಯಾಜ್ಯ ಪರಿಹಾರ ಕೇಂದ್ರವನ್ನು ಕಟ್ಟಿಕೊಂಡು ವರ್ಷಕ್ಕೆ ಸುಮಾರು ಆರು ಕೋಟಿ ವ್ಯಾಜ್ಯಗಳನ್ನು ನಿಭಾಯಿಸುವ ಮಟ್ಟಕ್ಕೆ ಬೆಳೆಯಿತು. ಅವುಗಳಲ್ಲಿ ಬಹುಭಾಗ ಮನುಷ್ಯರ ಕೈಗೆ ಬರುವ ಮುನ್ನವೇ ಬಗೆಹರಿಯುತ್ತಿದ್ದುವು.

ಆ ಕೇಂದ್ರವನ್ನು ನಡೆಸಿದ ಕಾಲಿನ್ ರೂಲ್ ಎಂಬವರು ಹೇಳಿರುವ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ದೂರು ಕೊಟ್ಟು ಗೆದ್ದವರು ಆಮೇಲೆ ಆ ತಾಣದಲ್ಲಿ ಹೆಚ್ಚು ವ್ಯವಹರಿಸಿದರು, ಅದು ಸಹಜ. ಆದರೆ ಸೋತವರೂ ಹೆಚ್ಚಾಗಿಯೇ ವ್ಯವಹರಿಸಿದರು. ದೂರವಾದವರು ಯಾರೆಂದರೆ, ತೀರ್ಮಾನಕ್ಕಾಗಿ ಬಹಳ ಕಾಲ ಕಾಯಬೇಕಾಗಿ ಬಂದವರು. ಮನುಷ್ಯ ತನ್ನ ಮಾತನ್ನು ಬೇಗ ಕೇಳಿಸಿಕೊಂಡರೆ ಸೋಲನ್ನೂ ಸಹಿಸುತ್ತಾನೆ, ಕೇಳುವವರಿಲ್ಲದಿರುವುದನ್ನು ಸಹಿಸುವುದಿಲ್ಲ. ಮಠಮಾನ್ಯಗಳಲ್ಲಿ ನ್ಯಾಯ ಹೇಳುವವರು ನೆನಪಿಡಬೇಕಾದ ಮಾತಿದು.

ಇರಲಿ. ನಾವು ವ್ಯವಹರಿಸಿದ ತಾಣದ ನಿಯಮದಂತೆ, ವಸ್ತು ತಲುಪಿದ 30 ದಿನಗಳೊಳಗೆ ದೂರು ದಾಖಲಾಗಬೇಕಿತ್ತು. 23 ದಿನ ಕಳೆದಿದ್ದವು. ಉಳಿದದ್ದು ಒಂದು ವಾರ. ಅದರಲ್ಲಿಯೂ ವೈದ್ಯರು ಹೊರಡಲು ಐದೇ ದಿನ.

ಮೊದಲ ಪತ್ರವನ್ನು ನಾವೇ ಇಂಗ್ಲಿಷಿನಲ್ಲಿ ಬರೆದೆವು. ವಿದ್ಯೆಯ ಪಾವಿತ್ರ್ಯ, ವ್ಯಾಪಾರದಲ್ಲಿ ಸತ್ಯ, ಗುರುಗಳ ಸ್ಮೃತಿ, ಎಲ್ಲವೂ ಅದರಲ್ಲಿ ಬಂದುವು. ಎರಡು ಪುಟವಾಯಿತು. ವೈದ್ಯರು ಓದಿ, ನಗುವನ್ನು ತಡೆದುಕೊಂಡು, "ಬುದ್ಧಿ, ಇದರಲ್ಲಿ ಧರ್ಮವೆಲ್ಲ ಇದೆ. ದೂರು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ" ಎಂದರು. ನಾವೂ ನಕ್ಕೆವು. ಆಮೇಲೆ ಮೂವರೂ ಕೂಡಿ ಐದು ವಾಕ್ಯಗಳ ಪತ್ರ ಬರೆದೆವು. ನೀವು ಹೇಳಿದ್ದು ಇದು, ಬಂದದ್ದು ಇದು, ಎರಡಕ್ಕೂ ಇರುವ ವ್ಯತ್ಯಾಸಕ್ಕೆ ಚಿತ್ರಗಳು ಇವು, ಪುಸ್ತಕವನ್ನು ಮರಳಿಸಲು ಸಿದ್ಧರಿದ್ದೇವೆ, ಪೂರ್ಣ ಹಣ ಮರಳಿಸಬೇಕು. 'ಮೋಸ' ಎಂಬ ಶಬ್ದ ಅದರಲ್ಲಿ ಇರಲಿಲ್ಲ. ಓರೆ ಬೆಳಕಿನಲ್ಲಿ ತೆಗೆದ ಹಾಳೆ, ಕಲೆಯಿದ್ದ ಪುಟದ ಎರಡೂ ಬದಿ, ಬೂದು ಮುದ್ರೆ, ಕೊಯ್ದ ಅಂಚು, ಹೀಗೆ ನಾಲ್ಕು ಚಿತ್ರಗಳನ್ನು ಜೊತೆಗಿಟ್ಟೆವು. ಹರಾಜಿನ ದಿನದ ಮೂರು ಚಿತ್ರಗಳು ನಮ್ಮ ಮೊಬೈಲಿನಲ್ಲಿಯೇ ಉಳಿದಿದ್ದುದು ದೈವಕೃಪೆ. ವೈದ್ಯರು ಅಂದು ಸಂತೋಷಕ್ಕೆಂದು ಕಳುಹಿಸಿದ್ದು ಇಂದು ಸಾಕ್ಷಿಯಾಯಿತು.

ಉತ್ತರ ಮರುದಿನವೇ ಬಂತು. ಬಹಳ ವಿನಯದ ಉತ್ತರ. ಪುಸ್ತಕವನ್ನು ನೀವೇ ಇಟ್ಟುಕೊಳ್ಳಿ, 60 ಪೌಂಡು ಮರಳಿಸುತ್ತೇನೆ, ದೂರನ್ನು ಮುಚ್ಚಿಬಿಡಿ ಎಂದಿತ್ತು. ನಾವು ಒಪ್ಪಲಿಲ್ಲ. ಎರಡನೆಯ ಉತ್ತರ: ಪೂರ್ಣ ಹಣವನ್ನೇ ಬ್ಯಾಂಕಿನ ಮೂಲಕ ನೇರವಾಗಿ ಕಳುಹಿಸುತ್ತೇನೆ, ಮೊದಲು ದೂರನ್ನು ಹಿಂತೆಗೆದುಕೊಳ್ಳಿ. ಇದಕ್ಕೆ ನಮ್ಮ ಮನಸ್ಸು ವಾಲಿತ್ತು. ಮಾತು ಕೊಡುತ್ತಿದ್ದಾನಲ್ಲ, ನಂಬೋಣವೆಂದೆವು. ಆ ತಾಣದಲ್ಲಿ ಕೊಂಡವನೇ ಮುಚ್ಚಿದ ದೂರನ್ನು ಮತ್ತೆ ತೆರೆಯಲಾಗದೆಂದು ವೈದ್ಯರು ನಿಯಮವನ್ನು ಓದಿ ಹೇಳಿದಾಗ ಆ ವಿನಯದ ಒಳಗುಟ್ಟು ತಿಳಿಯಿತು. ಹಣ ಬಂದ ಮೇಲೆ ದೂರು ಮುಚ್ಚುತ್ತೇವೆ ಎಂದು ಬರೆದೆವು.

ಮೂರನೆಯ ಉತ್ತರದಲ್ಲಿ ವಿನಯವಿರಲಿಲ್ಲ. ನಾನು ಕಳುಹಿಸಿದ್ದು ನಿಜವಾದ 1894ರ ಪ್ರತಿಯೇ. ನೀವು ಅದನ್ನು ಇಟ್ಟುಕೊಂಡು, ಹೊಸ ಪ್ರತಿಯ ಚಿತ್ರ ತೋರಿಸಿ ಹಣ ಕೀಳುತ್ತಿದ್ದೀರಿ ಎಂದು ಬರೆದಿದ್ದ. ವೈದ್ಯರ ಮುಖ ಕೆಂಪಾಯಿತು. ನಮಗೂ ಆ ರಾತ್ರಿ ನಿದ್ರೆ ಬರಲಿಲ್ಲ. ಕಾವಿ ಉಟ್ಟು ಮೂವತ್ತು ವರ್ಷಗಳಾದ ಮೇಲೆ ಕಳ್ಳನೆಂಬ ಮಾತನ್ನು ಕೇಳಬೇಕಾಯಿತೇ ಎನಿಸಿತು.

ಬೆಳಗಿನ ಪೂಜೆಯ ಅನಂತರ ಮನಸ್ಸು ತಿಳಿಯಾದಾಗ ಬೇರೊಂದು ವಿಚಾರ ಹೊಳೆಯಿತು. ತೀರ್ಮಾನ ಹೇಳುವ ತಾಣದವರಿಗೆ ನಮ್ಮ ಕಾವಿಯೂ ಕಾಣುವುದಿಲ್ಲ, ವೈದ್ಯರ ಸಜ್ಜನಿಕೆಯೂ ಕಾಣುವುದಿಲ್ಲ. ಒಳ್ಳೆಯ ವಸ್ತುವನ್ನು ಇಟ್ಟುಕೊಂಡು ಕೆಟ್ಟದ್ದನ್ನು ಮರಳಿಸುವ ಗ್ರಾಹಕರೂ ಲೋಕದಲ್ಲಿದ್ದಾರೆ. ಅವರಿಂದ ನೊಂದ ಪ್ರಾಮಾಣಿಕ ವ್ಯಾಪಾರಿಗಳೂ ಇದ್ದಾರೆ. ನಮ್ಮನ್ನು ಸಂದೇಹಿಸುವುದು ಮಧ್ಯಸ್ಥನ ಧರ್ಮವೇ ಸರಿ. ನಮ್ಮ ಮಾತನ್ನು ನಂಬಿ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಹಾಗಾದರೆ ಸಾಕ್ಷಿ ಏನಿದೆ? ಮಾರಾಟಗಾರನು ಹರಾಜಿನಲ್ಲಿ ತೋರಿಸಿದ್ದ ಒಳಪುಟದ ಚಿತ್ರವನ್ನು ದೊಡ್ಡದು ಮಾಡಿ, ನಮ್ಮಲ್ಲಿದ್ದ ಪುಸ್ತಕದ ಅದೇ ಪುಟದ ಪಕ್ಕದಲ್ಲಿಟ್ಟು ನೋಡಿದೆವು. ರಟ್ಟೂ ಮುಖಪುಟವೂ ಬೇರೆ ಯಾವುದೋ ನಿಜವಾದ ಪ್ರತಿಯವು. ಆದರೆ ಒಳಪುಟದ ಚಿತ್ರವನ್ನು ಅವನು ಈ ಪ್ರತಿಯಿಂದಲೇ ತೆಗೆದಿದ್ದ. ಹಾಳೆಯ ಮೇಲಂಚು ಕೊಂಚ ಓರೆಯಾಗಿ ಕತ್ತರಿಸಿದ್ದುದು, ಮೂಲೆಯಲ್ಲಿದ್ದ ಸಣ್ಣ ಮಡಿಕೆ, ಎರಡೂ ಒಂದೇ. ಅವನದೇ ಚಿತ್ರ ಅವನಿಗೆ ಎದುರಾಗಿ ಸಾಕ್ಷಿ ನುಡಿಯಿತು. ಎರಡನ್ನೂ ಜೋಡಿಸಿ, ಒಂದು ಸಾಲಿನ ವಿವರಣೆಯೊಡನೆ ತಾಣದವರಿಗೇ ಕಳುಹಿಸಿ, ಅವರು ಮಧ್ಯೆ ಬರಬೇಕೆಂದು ಕೋರಿದೆವು. ಮಾರಾಟಗಾರನ ಬೈಗುಳಕ್ಕೆ ಉತ್ತರ ಬರೆಯಲಿಲ್ಲ.

ಫೆಬ್ರವರಿ 21ರಂದು ವೈದ್ಯರು ಪುಸ್ತಕವನ್ನು ತೆಗೆದುಕೊಂಡು ಹಿಂದಿರುಗಿದರು. ತಾಣದವರು ಅದನ್ನು ಮರಳಿಸಲು ಅಪ್ಪಣೆ ಕೊಟ್ಟರು. ತಲುಪಿದ ದಾಖಲೆ ದೊರೆಯುವಂತಹ ಅಂಚೆಯಲ್ಲಿಯೇ ಅವರು ಕಳುಹಿಸಿದರು. ಕಟ್ಟುವಾಗ ಪುಟಗಳನ್ನು ತಿರುವುತ್ತ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರು. ಮಾರ್ಚ್ ಎರಡನೆಯ ವಾರದಲ್ಲಿ 310 ಪೌಂಡೂ ಮರಳಿ ಬಂತು.

ಕೊನೆಗೆ, ಆ ಮಾರಾಟಗಾರನ ಬಗೆಗೆ ಅಭಿಪ್ರಾಯ ಬರೆಯುವ ಸಂದರ್ಭ. ವೈದ್ಯರು ಬರೆದ ಕರಡಿನಲ್ಲಿ 'ಕಳ್ಳ' ಎಂಬ ಪದ ಎರಡು ಸಲ ಬಂದಿತ್ತು. ಅದನ್ನು ತೆಗೆಸಿ, '1894ರ ಮುದ್ರಣವೆಂದು ಹೇಳಲಾಗಿತ್ತು. ಬಂದದ್ದು ಹೊಸ ಮರುಮುದ್ರಣ. ದೂರಿನ ಅನಂತರ ಹಣ ಮರಳಿತು' ಎಂದಷ್ಟೇ ಬರೆಸಿದೆವು. ಮುಂದೆ ಬರುವವನಿಗೆ ಬೇಕಾದದ್ದು ಅಷ್ಟು. ಆ ಮನುಷ್ಯ ಎಂತಹವನು, ಯಾವ ಅವಸ್ಥೆಯಲ್ಲಿ ಹಾಗೆ ಮಾಡಿದ, ಅದು ನಮ್ಮ ತೀರ್ಮಾನಕ್ಕೆ ಸೇರಿದ್ದಲ್ಲ. ನಮ್ಮ ಕ್ಷಮೆಗೆ ನಿಜವಾದ ಎಡೆ ದೊರೆತದ್ದು ಅಲ್ಲಿ. ಹಣ ಮರಳಿದ ಮೇಲೆ, ಕೃತ್ಯ ಬಯಲಾದ ಮೇಲೆ, ಮನಸ್ಸಿನಲ್ಲಿ ಉಳಿದ ಕಹಿ ಮಾತ್ರ ನಮ್ಮ ಸ್ವಂತದ್ದು. ಅದನ್ನು ಬಿಟ್ಟುಕೊಡಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಹೊಸ ಅಂಗಡಿ, ಕಡಿಮೆ ಬೆಲೆ, ಮೂರೇ ಚಿತ್ರ. ಕೊಳ್ಳುವ ಮುನ್ನ ಮುದ್ರಣದ ವಿವರವಿರುವ ಪುಟದ ಚಿತ್ರವನ್ನು ಕಳುಹಿಸಿ ಎಂದು ಒಂದು ಸಾಲು ಬರೆದು ಕೇಳಿದ್ದರೆ ಸಾಕಿತ್ತು. ಗ್ರಂಥ ಸಂಪಾದನಶಾಸ್ತ್ರ ಓದಿದವರು ಕೇಳಲಿಲ್ಲ. ಆಸೆಯ ಕಣ್ಣಿಗೆ ಬೆಳ್ಳಗಿದ್ದುದೆಲ್ಲ ಹಾಲಾಗಿ ಕಂಡಿತು.

ನಿಮ್ಮಲ್ಲಿ ಬಹುಮಂದಿ ಕೊಳ್ಳುವುದು ನಮ್ಮ ದೇಶದ ತಾಣಗಳಿಂದ. ನಮ್ಮಲ್ಲಿಯೂ 2000ದ ಹೊತ್ತಿಗೆ ಬಾಜಿ ಎಂಬ ಹರಾಜು ತಾಣ ಹುಟ್ಟಿ, 2004ರಲ್ಲಿ ಇಬೇ ಸಂಸ್ಥೆಯ ಪಾಲಾಗಿ, 2018ರಲ್ಲಿ ಆ ತಾಣದ ಭಾರತೀಯ ಶಾಖೆ ಮುಚ್ಚಿತು. ಹರಾಜು ಹೋದರೂ ಅಂಗಡಿಗಳು ಹೆಚ್ಚಿವೆ. ಮೋಸದ ರೀತಿಯೂ ಅದೇ. ಆದುದರಿಂದ ನಾವು ಕಲಿತ ನಾಲ್ಕು ಮಾತುಗಳನ್ನು ನಿಮ್ಮ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತೇವೆ.

ಕೊಂಡ ದಿನವೇ ವಸ್ತುವಿನ ಚಿತ್ರ, ವಿವರ, ಬೆಲೆಗಳನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಕಟ್ಟು ಬಂದ ದಿನವೇ ಬಿಚ್ಚಿ, ಬಿಚ್ಚುವುದನ್ನು ಚಿತ್ರೀಕರಿಸಿ. ಹಬ್ಬಕ್ಕೆಂದು, ಊರಿಗೆ ಹೋದಾಗ ಎಂದು ಇಟ್ಟುಕೊಳ್ಳಬೇಡಿ. ಮಾರಿದವನೊಡನೆ ನಡೆಸುವ ಮಾತೆಲ್ಲವೂ ತಾಣದ ಒಳಗೇ ಬರವಣಿಗೆಯಲ್ಲಿರಲಿ. ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಹಣ ಕೈಗೆ ಬರುವ ಮುನ್ನ ದೂರನ್ನು ಹಿಂತೆಗೆಯಬೇಡಿ. ಹಣ ಮರಳಿಸುತ್ತೇವೆಂದು ಹೇಳಿ ನಿಮ್ಮ ಗುಪ್ತ ಸಂಖ್ಯೆಯನ್ನು ಒತ್ತಿರೆಂದು ಯಾರಾದರೂ ಕೇಳಿದರೆ ಅದು ಎರಡನೆಯ ಮೋಸವೆಂದು ತಿಳಿಯಿರಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು.

ಕಾನೂನೂ ನಿಮ್ಮ ಬೆಂಬಲಕ್ಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂತಹ ಪ್ರತಿಯೊಂದು ಸಂಸ್ಥೆಯೂ ಕುಂದುಕೊರತೆಯ ಅಧಿಕಾರಿಯನ್ನು ನೇಮಿಸಬೇಕು. ಅವರು 48 ಗಂಟೆಗಳೊಳಗೆ ದೂರು ತಲುಪಿದುದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷಗಳೊಳಗೆ ಸಲ್ಲಿಸಬೇಕು. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನ ಹಳೆಯ ವಸ್ತುವನ್ನು ಮಾರಿದಾಗ ಈ ರಕ್ಷಣೆ ಅಷ್ಟು ಸುಲಭವಾಗಿ ದೊರೆಯದು. ಅಲ್ಲಿ ಎರಡು ಪಟ್ಟು ಎಚ್ಚರ ಬೇಕು. ಹಣವನ್ನೇ ವಂಚಿಸಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಂಭವ ಹೆಚ್ಚು.

ಇಷ್ಟೆಲ್ಲ ಆದ ಮೇಲೆ ಮರಳಿದ ಹಣವನ್ನು ಏನು ಮಾಡಬೇಕೆಂದು 37 ಜನರಿಗೂ ಪತ್ರ ಬರೆದು ಕೇಳಿದೆವು. ನಡೆದ ಸಂಗತಿಯನ್ನು ಮರೆಮಾಚದೆ ತಿಳಿಸಿದೆವು. ಹೆಚ್ಚಿನವರು ತಮ್ಮ ಇಚ್ಛೆಯಂತೆ ಆಗಲಿ ಎಂದರು. ಕಂಡಕ್ಟರ್ ಹುಡುಗ ಒಂದು ಭಾನುವಾರ ಮಠಕ್ಕೇ ಬಂದು, "ಬುದ್ಧಿ, ಹಣ ಬಂತಲ್ಲ, ಅದೇ ಸಂತೋಷ. ಪುಸ್ತಕ ಸಿಕ್ಕುವ ತನಕ ಇಲ್ಲೇ ಇರಲಿ. ಮುಂದಿನ ಸಲ ಮಾತ್ರ ನೋಡಿ ಕೊಂಡುಕೊಳ್ಳಿ" ಎಂದು ಹೇಳಿ, ಹೇಳಬಾರದ್ದನ್ನು ಹೇಳಿದೆನೋ ಎಂದು ನಾಲಗೆ ಕಚ್ಚಿಕೊಂಡ. ಹೇಳಬೇಕಾದ್ದನ್ನೇ ಹೇಳಿದ್ದೀಯೆ ಎಂದು ಪ್ರಸಾದ ಕೊಟ್ಟು ಕಳುಹಿಸಿದೆವು.

ಹಣ ಇಂದಿಗೂ ಗ್ರಂಥ ಭಂಡಾರದ ಲೆಕ್ಕದಲ್ಲಿ ಹಾಗೆಯೇ ಇದೆ. ವಾಚಕರೇ, ನಿಮ್ಮ ಮನೆಯ ಅಟ್ಟದ ಮೇಲೋ, ಅಜ್ಜನ ಕಾಲದ ಪೆಟ್ಟಿಗೆಯಲ್ಲೋ 1894ರ ಕಿಟ್ಟೆಲ್ ನಿಘಂಟು ಇದ್ದು, ಓದುವವರಿಲ್ಲದೆ ಬಿದ್ದಿದ್ದರೆ ಮಠಕ್ಕೆ ತಿಳಿಸಿ. ನ್ಯಾಯವಾದ ಬೆಲೆಯನ್ನು ಕೊಡುತ್ತೇವೆ. ನಮ್ಮ ಗ್ರಂಥಪಾಲಕರು ಬಂದು, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೂ ಎಣಿಸಿ ನೋಡುತ್ತಾರೆ. ಅದನ್ನು ಅಪನಂಬಿಕೆಯೆಂದು ತಪ್ಪು ತಿಳಿಯಬೇಡಿ. ಅಕ್ಕಿ ಆರಿಸುವ ತಾಯಿಗೆ ಅಕ್ಕಿಯ ಮೇಲೆ ಕೋಪವಿರುವುದಿಲ್ಲ. ಉಣ್ಣುವವರ ಮೇಲೆ ಕಕ್ಕುಲಾತಿ ಇರುತ್ತದೆ.